ಮೊದಲು ಲದ್ದಿ ನೋಡಿ, ಆಮೇಲೆ ಔಷಧಿ ಕೊಡಿ

ಕುದುರೆ ಸಾಕುವವರಿಗೆ ಒಂದು ಮಾತು ಹೇಳಬೇಕಿತ್ತು. ತುಂಬಾ ದಿನದಿಂದ ಮನಸ್ಸಲ್ಲೇ ಇತ್ತು, ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಜಂತುಹುಳದ ಔಷಧಿಯನ್ನು ಕ್ಯಾಲೆಂಡರ್ ನೋಡಿ ಕೊಡಬೇಡಿ. ಲದ್ದಿ ಪರೀಕ್ಷೆ ಮಾಡಿಸಿ, ಮೊಟ್ಟೆ ಎಷ್ಟಿದೆ ನೋಡಿ, ಆಮೇಲೆ ಕೊಡಿ.

ನಾವೂ ವರ್ಷಗಟ್ಟಲೆ ಕ್ಯಾಲೆಂಡರ್ ನೋಡಿಯೇ ಕೊಟ್ಟವರು. ಲಾಯದಲ್ಲಿ ಏಳು ಕುದುರೆ. ಎರಡು ತಿಂಗಳಿಗೊಮ್ಮೆ ಒಂದು ಬೆಳಗ್ಗೆ ಎಲ್ಲವಕ್ಕೂ ಸಾಲಾಗಿ ಬಾಯಿಗೆ ಪೇಸ್ಟ್. ಒಂದೊಂದು ಕುದುರೆ ತಲೆ ಎತ್ತಿ ಹಿಂದಕ್ಕೆ ಸರಿಯುತ್ತಿತ್ತು, ಅರ್ಧ ಪೇಸ್ಟ್ ತುಟಿಯಿಂದ ಕೆಳಗೆ ಬೀಳುತ್ತಿತ್ತು. ಕೊಟ್ಟಾಯಿತು ಅನ್ನೋ ನೆಮ್ಮದಿ ಮಾತ್ರ ನಮಗೆ. ಅದು ಕೆಲಸ ಮಾಡ್ತಾ ಇದೆಯಾ ಅಂತ ಒಂದು ದಿನವೂ ಕೇಳಲಿಲ್ಲ.

ಮೊದಲ ಸಲ ಏಳರ ಲದ್ದಿಯನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ಹೆಸರು ಬರೆದು ಪರೀಕ್ಷೆಗೆ ಕೊಟ್ಟಾಗ ಬಂದ ಲೆಕ್ಕ ಇನ್ನೂ ನೆನಪಿದೆ. ಒಂದು ಗ್ರಾಂ ಲದ್ದಿಯಲ್ಲಿ ಇಷ್ಟು ಮೊಟ್ಟೆ ಅಂತ ಬರೆದಿರುತ್ತಾರೆ. ಎರಡಕ್ಕೆ 0. ಮೂರಕ್ಕೆ 50, 100, 150. ಒಂದಕ್ಕೆ 600, ಇನ್ನೊಂದಕ್ಕೆ 1,150. ಒಂದೇ ಹುಲ್ಲುಗಾವಲು, ಒಂದೇ ಮೇವು, ಒಂದೇ ದಿನ ಕೊಟ್ಟ ಔಷಧಿ, ಆದರೂ ಇಷ್ಟು ವ್ಯತ್ಯಾಸ. ಅದಕ್ಕಿಂತ ದಂಗಾಗಿದ್ದು ಯಾವ ಕುದುರೆಗೆ ಎಷ್ಟು ಅಂತ ನೋಡಿದಾಗ. 1,150 ಬಂದದ್ದು ಮೈ ಮಿರಮಿರ ಮಿಂಚುವ, ದಷ್ಟಪುಷ್ಟವಾದ ಹೆಣ್ಣು ಕುದುರೆಗೆ. ಪಕ್ಕೆ ಎಲುಬು ಕಾಣುತ್ತೆ, ಹೊಟ್ಟೆಯಲ್ಲಿ ಹುಳ ಇರಬೇಕು ಅಂತ ನಾವು ಜಾಸ್ತಿ ಔಷಧಿ ಕೊಡುತ್ತಿದ್ದ ಮುದಿ ಕುದುರೆಗೆ 0. ಅದರ ತೊಂದರೆ ಹಲ್ಲಿನದಾಗಿತ್ತು. ಅಗಿಯಲು ಆಗದೆ ಬಡವಾಗಿತ್ತು ಪಾಪ.

ಇದು ನಮ್ಮ ಲಾಯದ ವಿಶೇಷ ಏನೂ ಅಲ್ಲ. ಬೆಳೆದ ಕುದುರೆಗಳ ಯಾವುದೇ ಗುಂಪಿನಲ್ಲೂ ಸುಮಾರು 20ರಿಂದ 30 ಪ್ರತಿಶತ ಕುದುರೆಗಳೇ 80 ಪ್ರತಿಶತ ಮೊಟ್ಟೆಗಳನ್ನು ಹೊರಹಾಕುತ್ತವೆ. ಉಳಿದವು ತಮ್ಮ ರೋಗನಿರೋಧಕ ಶಕ್ತಿಯಿಂದಲೇ ಹುಳವನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡಿರುತ್ತವೆ. ಸಾಮಾನ್ಯವಾಗಿ 200ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅಂತ, 500 ದಾಟಿದರೆ ಜಾಸ್ತಿ ಅಂತ ಲೆಕ್ಕ.

ಹಾಗಾದರೆ ಎರಡು ತಿಂಗಳಿಗೊಮ್ಮೆ ಕೊಡೋ ಪದ್ಧತಿ ಎಲ್ಲಿಂದ ಬಂತು? 1966ರಲ್ಲಿ ಅಮೆರಿಕದ ಕೆಂಟಕಿಯ ಸಂಶೋಧಕರಾದ ಡ್ರಜ್ ಮತ್ತು ಲಯನ್ಸ್ ಈ ಸಲಹೆ ಕೊಟ್ಟರು. ಆಗ ದೊಡ್ಡ ಶತ್ರು ಅಂದರೆ ದೊಡ್ಡ ಸ್ಟ್ರಾಂಗೈಲ್ ಹುಳ. ಅದರ ಮರಿಗಳು ಕರುಳಿಗೆ ರಕ್ತ ಕೊಡುವ ನಾಳದೊಳಗೆ ಸೇರಿಕೊಂಡು ರಕ್ತ ಹೆಪ್ಪುಗಟ್ಟಿಸುತ್ತವೆ. ರಕ್ತ ಸಿಗದ ಕರುಳಿನ ಭಾಗ ಸಾಯುತ್ತದೆ, ಕುದುರೆ ಹೊಟ್ಟೆನೋವಿನಿಂದ ಒದ್ದಾಡಿ ಸಾಯುತ್ತದೆ. ಆ ಕಾಲಕ್ಕೆ ಆ ಸಲಹೆ ಸರಿಯಾಗಿಯೇ ಇತ್ತು, ಎಷ್ಟೋ ಕುದುರೆಗಳ ಜೀವ ಉಳಿಸಿತು. ಆ ಹುಳ ಎಷ್ಟೋ ಕಡೆ ಅಪರೂಪವೂ ಆಯಿತು. ಈಗ ಬೆಳೆದ ಕುದುರೆಯ ಹೊಟ್ಟೆಯಲ್ಲಿ ಮುಖ್ಯವಾಗಿ ಇರುವುದು ಸಣ್ಣ ಸ್ಟ್ರಾಂಗೈಲ್‌ಗಳು, ಸುಮಾರು 50 ಜಾತಿ. ಶತ್ರು ಬದಲಾಗಿದೆ, ನಾವು ಮಾತ್ರ ಹಳೇ ಲೆಕ್ಕದಲ್ಲೇ ಔಷಧಿ ಕೊಡ್ತಾ ಇದ್ದೇವೆ.

ಸುಮ್ನೆ ಕೊಟ್ಟರೆ ನಷ್ಟ ಏನು ಅಂತ ತುಂಬಾ ಜನ ಕೇಳ್ತಾರೆ. ನಷ್ಟ ಇದೆ. ಪ್ರತಿ ಸಲ ಔಷಧಿ ಕೊಟ್ಟಾಗ ಅದಕ್ಕೆ ಬಗ್ಗುವ ಹುಳಗಳು ಸಾಯುತ್ತವೆ, ಬಗ್ಗದ ಕೆಲವು ಉಳಿಯುತ್ತವೆ. ಆಮೇಲೆ ಹುಲ್ಲಿಗೆ ಬೀಳುವುದು ಆ ಉಳಿದವುಗಳ ಮೊಟ್ಟೆ ಮಾತ್ರ. ಎಲ್ಲ ಕುದುರೆಗೂ ಒಟ್ಟಿಗೆ ಕೊಟ್ಟರೆ ಗಟ್ಟಿ ಹುಳಗಳ ಸಂತಾನವನ್ನೇ ನಾವು ಬೆಳೆಸಿದ ಹಾಗೆ. ಕಡಿಮೆ ಮೊಟ್ಟೆ ಇರುವ ಕುದುರೆಗೆ ಔಷಧಿ ಕೊಡದೆ ಬಿಟ್ಟರೆ, ಅದರಿಂದ ಬರುವ ಸಾಧಾರಣ ಹುಳಗಳು ಗಟ್ಟಿ ಹುಳಗಳ ಜೊತೆ ಬೆರೆತು ಅವುಗಳ ಪ್ರಮಾಣ ಕಡಿಮೆ ಮಾಡುತ್ತವೆ.

ನಮ್ಮ ಕೈಯಲ್ಲಿರುವುದು ಮೂರೇ ಗುಂಪಿನ ಔಷಧಿ. ಫೆನ್‌ಬೆಂಡಜೋಲ್ ಇರುವ ಗುಂಪು, ಪೈರಾಂಟೆಲ್, ಮತ್ತೆ ಐವರ್ಮೆಕ್ಟಿನ್ ಹಾಗೂ ಮಾಕ್ಸಿಡೆಕ್ಟಿನ್ ಇರುವ ಗುಂಪು. ಐವರ್ಮೆಕ್ಟಿನ್ ಕುದುರೆಗಳಿಗೆ ಬಂದದ್ದು 1980ರ ದಶಕದ ಆರಂಭದಲ್ಲಿ. ಆಮೇಲೆ ಕುದುರೆಯ ಈ ಹುಳಗಳಿಗೆ ಹೊಸ ಗುಂಪಿನ ಒಂದೇ ಒಂದು ಔಷಧಿಯೂ ಬಂದಿಲ್ಲ. ಇರುವುದನ್ನು ಕೆಡಿಸಿಕೊಂಡರೆ ಮುಂದೆ ಏನು ಕೊಡೋಣ ಹೇಳಿ?

ಕೆಡಿಸಿಕೊಳ್ಳೋದು ಅಂದರೆ ಏನು ಅಂತ ನಮ್ಮಲ್ಲೇ ನೋಡಿದೆ. ಆ 600 ಮತ್ತು 1,150ರ ಕುದುರೆಗಳಿಗೆ, ನಾವು ಮಾಮೂಲಾಗಿ ಕೊಡುತ್ತಿದ್ದ ಫೆನ್‌ಬೆಂಡಜೋಲನ್ನೇ ತೂಕ ಅಳೆದು ಸರಿಯಾಗಿ ಕೊಟ್ಟೆವು. 14 ದಿನ ಬಿಟ್ಟು ಮತ್ತೆ ಲದ್ದಿ ಪರೀಕ್ಷೆ. 600 ಇದ್ದದ್ದು 500, 1,150 ಇದ್ದದ್ದು 900. ಔಷಧಿ ಕೆಲಸ ಮಾಡಿದ್ದರೆ 90 ಪ್ರತಿಶತಕ್ಕಿಂತ ಜಾಸ್ತಿ ಇಳಿಯಬೇಕು. ಇಲ್ಲಿ ಕಾಲು ಭಾಗವೂ ಇಳಿದಿರಲಿಲ್ಲ. ಅಷ್ಟು ವರ್ಷ ಕೊಟ್ಟ ಪೇಸ್ಟೆಲ್ಲ ಏನಾಯಿತು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎರಡೇ ಕುದುರೆಯ ಲೆಕ್ಕದಿಂದ ಔಷಧಿ ಸತ್ತೇ ಹೋಗಿದೆ ಅಂತ ತೀರ್ಮಾನ ಮಾಡುವಂತಿಲ್ಲ, ಜಾಸ್ತಿ ಕುದುರೆಗಳಲ್ಲಿ ನೋಡಿದಷ್ಟೂ ಒಳ್ಳೆಯದು. ಆದರೂ ನಮಗೆ ಎಚ್ಚರ ಆಗಲು ಅಷ್ಟು ಸಾಕಾಯಿತು.

ಲ್ಯಾಬಿನವರು ಒಂದು ದಿನ ಮೈಕ್ರೋಸ್ಕೋಪಿನಲ್ಲಿ ನೋಡಿ ಅಂತ ಕರೆದರು. 4 ಗ್ರಾಂ ಲದ್ದಿ, ಅದಕ್ಕೆ 56 ಮಿಲಿಲೀಟರ್ ದಟ್ಟ ಉಪ್ಪುನೀರು. ಚೆನ್ನಾಗಿ ಕದಡಿ, ಸೋಸಿ, ಎರಡು ಕೋಣೆಯ ಗಾಜಿನ ಸ್ಲೈಡಿಗೆ ಬಿಡುತ್ತಾರೆ. ಮ್ಯಾಕ್‌ಮಾಸ್ಟರ್ ಸ್ಲೈಡ್ ಅಂತ ಹೆಸರು. ಉಪ್ಪುನೀರಿಗಿಂತ ಮೊಟ್ಟೆ ಹಗುರ, ಹಾಗಾಗಿ ಕೆಲವು ನಿಮಿಷದಲ್ಲಿ ಮೇಲಕ್ಕೆ ತೇಲಿ ಗಾಜಿಗೆ ಅಂಟಿದ ಹಾಗೆ ನಿಲ್ಲುತ್ತದೆ. ಕಣ್ಣಿಟ್ಟು ನೋಡಿದೆ. ಗೆರೆಗಳ ನಡುವೆ ಕೋಳಿಮೊಟ್ಟೆಯ ಆಕಾರದ್ದೇ ಒಂದು ಪುಟ್ಟ ವಸ್ತು, ತೆಳ್ಳಗಿನ ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಗುಂಪುಗೂಡಿದ ಕಣಗಳು. ಅಂಥದ್ದು 23 ಎಣಿಸಿದೆ. ಈ ಅಳತೆಯಲ್ಲಿ ಒಂದಕ್ಕೆ 50ರ ಲೆಕ್ಕ, ಅದಕ್ಕೇ 1,150. ಅಷ್ಟು ಸರಳ ಕೆಲಸ ಇದು.

ಲದ್ದಿ ಕೊಡುವಾಗ ತಾಜಾ ಇರಲಿ. ಗಾಳಿ ಹಿಂಡಿ ತೆಗೆದು ಚೀಲ ಕಟ್ಟಿ, ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಹಿಂದಿನ ಔಷಧಿಯ ಪ್ರಭಾವ ಮುಗಿಯುವ ಮೊದಲೇ ಪರೀಕ್ಷೆ ಮಾಡಿಸಿದರೂ 0 ಬರುತ್ತದೆ, ಅದನ್ನು ನಂಬಿ ಕೂರಬೇಡಿ. ಐವರ್ಮೆಕ್ಟಿನ್ ಕೊಟ್ಟಿದ್ದರೆ 8 ವಾರ, ಮಾಕ್ಸಿಡೆಕ್ಟಿನ್ ಆದರೆ 12 ವಾರವಾದರೂ ಬಿಟ್ಟು ನೋಡಿ.

ಈ ಪರೀಕ್ಷೆ ಎಲ್ಲವನ್ನೂ ಹೇಳುತ್ತದೆ ಅಂತ ನಾನು ಹೇಳಲ್ಲ. ಮೊಟ್ಟೆಯ ಲೆಕ್ಕ ಹುಳದ ಲೆಕ್ಕ ಅಲ್ಲ. ಸಣ್ಣ ಸ್ಟ್ರಾಂಗೈಲ್ ಮರಿಗಳು ಕರುಳಿನ ಗೋಡೆಯೊಳಗೆ ತಿಂಗಳುಗಟ್ಟಲೆ ಮಲಗಿರುತ್ತವೆ. ಆಗ ಅವು ಮೊಟ್ಟೆ ಇಡಲ್ಲ, ಒಂದೇ ಸಲ ಹೊರಬಂದರೆ ವಿಪರೀತ ಭೇದಿಯಾಗಿ ಕುದುರೆಯ ಜೀವಕ್ಕೇ ಅಪಾಯ. ಲಾಡಿಹುಳ ಈ ಎಣಿಕೆಯಲ್ಲಿ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತದೆ, ಅದಕ್ಕೆ ಜೊಲ್ಲಿನ ಅಥವಾ ರಕ್ತದ ಪರೀಕ್ಷೆ ಬೇರೆ ಇದೆ. ಡೆನ್ಮಾರ್ಕಿನಲ್ಲಿ 1999ರಿಂದ ವೈದ್ಯರ ಚೀಟಿ ಇಲ್ಲದೆ ಜಂತುಹುಳದ ಔಷಧಿ ಸಿಗುವುದಿಲ್ಲ. ಅಲ್ಲಿ ಪರೀಕ್ಷೆಯನ್ನಷ್ಟೇ ನಂಬಿ ಔಷಧಿ ತುಂಬಾ ಕಡಿಮೆ ಮಾಡಿದ ಲಾಯಗಳಲ್ಲಿ ದೊಡ್ಡ ಸ್ಟ್ರಾಂಗೈಲ್ ಮತ್ತೆ ಹೆಚ್ಚಾಗಿ ಕಂಡಿದೆ. ಹಾಗಾಗಿ 0 ಬಂದ ಕುದುರೆಗೂ ವರ್ಷಕ್ಕೆ ಒಂದೆರಡು ಸಲ ಔಷಧಿ ಬೇಕಾಗುತ್ತದೆ. ಯಾವುದು, ಯಾವಾಗ ಅಂತ ನಿಮ್ಮ ಪಶುವೈದ್ಯರನ್ನು ಕೇಳಿ. ಕುದುರೆ ಮರಿಗಳ ವಿಷಯವಂತೂ ಪೂರ್ತಿ ಬೇರೆ. ಅವುಗಳಿಗೆ ದೊಡ್ಡ ದುಂಡುಹುಳದ ಕಾಟ ಇರುತ್ತದೆ, ದೊಡ್ಡ ಕುದುರೆಯ ಲೆಕ್ಕ ಅವಕ್ಕೆ ಹಾಕಲೇಬೇಡಿ.

ಇನ್ನೊಂದು, ಲದ್ದಿ ಎತ್ತಿ. ವಾರಕ್ಕೆ ಎರಡು ಸಲ ಹುಲ್ಲುಗಾವಲಿನಿಂದ ಎತ್ತಿ ಹಾಕಿದರೆ ಮರಿಹುಳ ಹುಲ್ಲಿಗೆ ಹತ್ತುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಬೆನ್ನು ನೋಯುತ್ತದೆ ನಿಜ, ಆದರೆ ಈ ಕೆಲಸಕ್ಕೆ ಯಾವ ಹುಳವೂ ಒಗ್ಗಿಕೊಳ್ಳಲ್ಲ.

ಆ ಹೆಣ್ಣು ಕುದುರೆಗೆ ಆಮೇಲೆ ವೈದ್ಯರು ಐವರ್ಮೆಕ್ಟಿನ್ ಬರೆದುಕೊಟ್ಟರು. ಮೊನ್ನೆಗೆ 14 ದಿನ ಆಯಿತು, ಚೀಲ ಹಿಡಿದುಕೊಂಡು ಹೋಗಿ ಕೊಟ್ಟು ಬಂದೆ. ಸಂಜೆ ಫೋನ್ ಬಂತು, 0 ಅಂದರು. ಅಂದರೆ ಈ ಔಷಧಿ ಕೆಲಸ ಮಾಡಿದೆ. ಎಂಟು ವಾರ ಬಿಟ್ಟು ಮತ್ತೆ ಲದ್ದಿ ಪರೀಕ್ಷೆಗೆ ಕೊಡಬೇಕು, ಗೋಡೆಯ ಮೇಲೆ ತಾರೀಕು ಬರೆದಿಟ್ಟಿದ್ದೇನೆ.