ಆ ಎರಡಕ್ಷರ

ಪಂಚಮಿಗೆ ತಂಗಿ ಬಂದಿದ್ದಳು. ಪ್ರತಿ ವರ್ಷ ನಾನೇ ಹೋಗಿ ಕರ್ಕೊಂಡು ಬರೋದು ರೂಢಿ. ಈ ಸಲ ರಜೆ ಸಿಗಲಿಲ್ಲ, ಅವಳೇ ಯಾದಗಿರಿಯಲ್ಲಿ ರೈಲು ಹತ್ತಿ ಕಲಬುರಗಿಗೆ ಬಂದಳು. ಸಂಜೆ ಎಲ್ಲರೂ ಕೂತು ಉಂಡಿ ತಿನ್ನುತ್ತಿದ್ದೆವು. ಏಳು ವರ್ಷದ ನನ್ನ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಎಳ್ಳುಂಡಿ ಕಡಿಯೋಕೆ ಪೇಚಾಡುತ್ತಿದ್ದಳು. "ಏ ಬೊಚ್ಚಿ, ಕಲ್ಲಿಲೆ ಕುಟ್ಟಿ ಕೊಡ್ಲೇನು?" ಅಂದ ಅವಳ ಅಣ್ಣ. ಅವನಿಗೆ ಹನ್ನೊಂದು. ಎಲ್ಲರೂ ನಕ್ಕೆವು. ಮಗಳೂ ನಕ್ಕಳು, ಆದರೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು.

ಎದುರಿಗೆ ಕೂತಿದ್ದ ತಂಗಿಯ ಕೈಯೂ ಅದೇ ಹೊತ್ತಿಗೆ ಬಾಯಿ ಮೇಲಿತ್ತು. ಅವಳು ನಗೋದೇ ಹಾಗೆ, ಮೂವತ್ತು ವರ್ಷದಿಂದ. ಕಲಿಸಿದವನು ನಾನು.

ಇದಕ್ಕೆ ಸ್ವಲ್ಪ ನೀರಿನ ಕಥೆ ಹೇಳಬೇಕು. ನಮ್ಮೂರು ಈಗ ಯಾದಗಿರಿ ಜಿಲ್ಲೆ, ಆಗ ಗುಲ್ಬರ್ಗಾ. ನಾನು ಚಿಕ್ಕವನಿದ್ದಾಗ ಊರೆಲ್ಲ ಕುಡಿಯೋದು ಬಾವಿ ನೀರು. ನನಗೆ ಏಳು ವರ್ಷ ಇದ್ದಾಗ ನಮ್ಮ ಓಣಿಗೆ ಬೋರಿಂಗ್ ಬಂತು. ತಂಗಿ ಆಗ ವರ್ಷದ ಕೂಸು. ಹಗ್ಗ ಜಗ್ಗೋ ಕಷ್ಟ ತಪ್ಪಿತು ಅಂತ ಹೆಂಗಸರು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಆ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಯಾರಿಗೆ ಗೊತ್ತಿತ್ತು? ಲೀಟರಿಗೆ 1 ಮಿಲಿಗ್ರಾಂ ಒಳಗೇ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನೋದು ಕುಡಿಯೋ ನೀರಿನ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗಲೇ ಕಲೆ ಕೂರುತ್ತದೆ. ಮುಂದಿನ ಹಲ್ಲುಗಳದ್ದು ನಾಲ್ಕೈದು ವರ್ಷದೊಳಗೇ ತೀರ್ಮಾನ ಆಗಿರುತ್ತದೆ. ನನ್ನವು ಬಾವಿ ನೀರಿನಲ್ಲಿ ಆದ ಹಲ್ಲು, ಬೆಳ್ಳಗಿದ್ದವು. ಅವಳವು ಬೋರಿಂಗ್ ನೀರಿನವು, ಹುಟ್ಟುವಾಗಲೇ ಕಂದು ಪಟ್ಟಿ ಹೊತ್ತು ಬಂದವು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ.

ಆದರೆ ನಾನು ಆಗ ತಿಳಿದದ್ದು ಅವಳು ಹಲ್ಲು ತಿಕ್ಕೋದಿಲ್ಲ ಅಂತ. ಬೋರಿಂಗಿನ ಬಾಯಿಗೆ ಹತ್ತಿದ ಬಣ್ಣ ನೋಡಿ ಒಂದು ಹೆಸರು ಕಟ್ಟಿದೆ. ಎರಡೇ ಅಕ್ಷರ, ಕೂಗೋಕೆ ಸಲೀಸು. ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ ಅಪ್ಪ ಕೂಡ ಒಮ್ಮೆ ನಕ್ಕುಬಿಟ್ಟ. ಆ ನಗೆಯೇ ನನಗೆ ಪರವಾನಗಿ.

ಒಂದು ಬೆಳಿಗ್ಗೆ ಬಚ್ಚಲ ಕಟ್ಟೆ ಮೇಲೆ ಕೂತು ಒಲೆಯ ಬೂದಿ, ಉಪ್ಪು ಕೂಡಿಸಿ ತಿಕ್ಕುತ್ತಿದ್ದಳು. ತಿಕ್ಕಿದಳು, ಉಗುಳಿದಳು, ಮತ್ತೆ ತಿಕ್ಕಿದಳು. ತೋರುಬೆರಳಿಗೆ ಬೂದಿ ಜೊತೆ ರಕ್ತ ಮೆತ್ತಿತ್ತು. ಒಡಕು ಕನ್ನಡಿಯಲ್ಲಿ ಹಲ್ಲು ಕಿಸಿದು ನೋಡಿಕೊಂಡಳು. ನಾನು ಹಿಂದೆ ನಿಂತು ಎಲ್ಲ ನೋಡಿದೆ. ಮತ್ತು ಮರುದಿನವೂ ಅದೇ ಹೆಸರಿನಿಂದ ಕರೆದೆ. ಇದನ್ನ ಬರೆಯೋಕೆ ಕೈ ಬರ್ತಿಲ್ಲ, ಆದರೂ ಬರೆದಿದ್ದೀನಿ.

ಅವ್ವ ಬೈದರೆ ಆಯಿ ಅಡ್ಡ ಬರೋಳು. "ಹೋಗ್ಲಿ ಬಿಡವಾ, ಅಣ್ಣ-ತಂಗಿ ಜಗಳ, ಉಂಡು ಮಲಗೋ ತನಕ." ಅದು ಗಂಡ-ಹೆಂಡಿರ ಮಾತು, ಆಯಿ ನಮಗೂ ಹೊದಿಸಿದ್ದಳು. ಉಂಡು ಮಲಗಿದರೆ ಮುಗಿಯೋದು ಜಗಳ. ಹೆಸರು ಮುಗಿಯೋದಿಲ್ಲ. ಅದು ಬೆಳಿಗ್ಗೆ ನಮಗಿಂತ ಮೊದಲೇ ಎದ್ದು ಶಾಲೆಗೆ ಹೋಗಿರ್ತದೆ. ಶಾಲೆಯಲ್ಲಿ ಹುಡುಗರು ಕೂಗಿದಾಗ ಒಬ್ಬರು ಮಾಸ್ತರರು ಬೆತ್ತ ತಗೊಂಡರಂತೆ. "ಅವರಣ್ಣನೇ ಕರೀತಾನ್ರಿ ಸರ್" ಅಂತ ಒಬ್ಬ ಅಂದ. ಮಾಸ್ತರರು ಬೆತ್ತ ಕೆಳಗಿಟ್ಟರು. ತಂಗಿ ಇದನ್ನ ನನಗೆ ಹೇಳಿದ್ದು ಹೋದ ವಾರ.

ಊರಿನವರನ್ನ ಬೈಯೋದು ಸುಲಭ. ಆದರೆ ಹೊರಗಿನವ ಹೊಸ ಹೆಸರು ಇಡೋಕೆ ಸ್ವಲ್ಪ ಅಂಜುತ್ತಾನೆ. ಮನೆಯವರೇ ಇಟ್ಟಿದ್ದು ಸಿಕ್ಕರೆ ಆ ಅಂಜಿಕೆಯೂ ಇಲ್ಲ. ಅದೂ ನಮ್ಮ ಕಡೆ ಹೆಸರು ಹತ್ತಿತೆಂದರೆ ತಲೆಮಾರು ನಡೀತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಇರೋ ಮನೆತನಗಳಿಗೇನು ಕಮ್ಮಿಯೇ? ಯಾವ ಕಾಲದಲ್ಲಿ ಯಾರು ಮೊದಲು ಕರೆದರೋ, ಈಗ ಆಧಾರ್ ಕಾರ್ಡಿನಲ್ಲಿವೆ.

ತಂಗಿಯನ್ನ ನೋಡೋಕೆ ಮೊದಲ ಸಲ ಗಂಡಿನ ಕಡೆಯವರು ಬಂದಾಗ ಬಸ್ಸಿಳಿದು ಚಹಾದ ಅಂಗಡಿಯಲ್ಲಿ ಅಪ್ಪನ ಹೆಸರು ಹೇಳಿ ಮನೆ ಕೇಳಿದರು. ಅವರನ್ನ ಎದುರುಗೊಳ್ಳೋಕೆ ಹೋದ ನಾನು ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅಂಗಡಿಯವ ಕುದಿಯೋ ಚಹಾ ತಿರುವುತ್ತ, ತಲೆ ಎತ್ತದೆ, "ಓ, ಅವರ ಮನಿ ಏನ್ರಿ?" ಅಂದ. ‘ಅವರ’ ಅನ್ನೋ ಜಾಗದಲ್ಲಿ ನನ್ನ ಎರಡಕ್ಷರ ಇತ್ತು. ಅಂವಗ ಯಾವ ಕೆಟ್ಟ ಮನಸ್ಸೂ ಇರಲಿಲ್ಲ, ದಾರಿ ಹೇಳ್ತಿದ್ದ ಅಷ್ಟೇ. ಆ ಸಂಬಂಧ ಕೂಡಲಿಲ್ಲ. ಕೊಡೋ ತಗೊಳೋ ಮಾತೂ ಹೊಂದಿರಲಿಲ್ಲ, ಹಾಗಾಗಿ ಅದೇ ಕಾರಣ ಅಂತ ನಾನು ಹೇಳಲಾರೆ. ಮುಂದೆ ಒಳ್ಳೆ ಮನೆಗೇ ಹೋದಳು. ಮದುವೆ ಆಲ್ಬಮ್ ತೆಗೆದರೆ ಒಂದು ಫೋಟೋದಲ್ಲೂ ತುಟಿ ಬಿಚ್ಚಿಲ್ಲ.

ಆ ಹೆಸರನ್ನ ವಾಪಸ್ ತಗೊಳೋಕೆ ನಾನೂ ನೋಡಿದೆ. ಕಾಲೇಜಿಗೆ ಬಂದ ಮೇಲೆ ಊರಿಗೆ ಹೋದಾಗೆಲ್ಲ "ಹಾಂಗ ಕರೀಬ್ಯಾಡ್ರೋ" ಅಂದೆ. ನಕ್ಕರು. ಸರ್ಕಾರ 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಹೋಗಿ ಕಲಬುರಗಿ ಅಂತ ಮಾಡಿತು, ಬೋರ್ಡೆಲ್ಲ ಬದಲಾದವು. ಇವತ್ತಿಗೂ ಆಟೋದವರ ಬಾಯಲ್ಲಿ ಗುಲ್ಬರ್ಗಾ. ನನ್ನ ಬಾಯಲ್ಲೂ. ಅಷ್ಟು ದೊಡ್ಡ ಸರ್ಕಾರದ ಕೈಲಾಗದ್ದು ನನ್ನ ಕೈಲಿ ಆಗ್ತದೆಯೇ?

ಪಂಚಮಿ ದಿನಕ್ಕೆ ವಾಪಸ್ ಬರ್ತೀನಿ. ಮಗನನ್ನ ಒಳಗೆ ಕರೆದು "ಸಾರಿ ಕೇಳು" ಅಂದೆ. ಉಗುಳಿದ ಹಾಗೆ "ಸಾರಿ" ಅಂದ, ಮುಗೀತು. ಈ ಕೇಳಿಸೋ ಸಾರಿ ಮೇಲೆ ನನಗೆ ನಂಬಿಕೆ ಇಲ್ಲ, ಆದರೂ ದೊಡ್ಡವರಿಗೆ ಬೇರೆ ಏನೂ ತೋಚೋದಿಲ್ಲ. ಆಮೇಲೆ ಎಲ್ಲರ ಮುಂದೆ ಅವನಿಗೆ ಹೇಳೋಕೆ ಶುರು ಮಾಡಿದೆ, "ನೋಡಪಾ, ನಾನೂ ನಿಮ್ಮ ಅತ್ತೆಗೆ, ಆಕಿ ಸಣ್ಣಾಕಿ ಇದ್ದಾಗ..."

"ಅಣ್ಣಾ, ನನ್ನ ಕಥಿ ನೀ ಹೇಳಬ್ಯಾಡ" ಅಂದಳು ತಂಗಿ. ದನಿ ಏರಿಸಲಿಲ್ಲ. ಎದ್ದು ಮಗನನ್ನ ಕರ್ಕೊಂಡು ಮಾಳಿಗೆ ಮೇಲೆ ಹೋದಳು. ಅರ್ಧ ತಾಸು ಕೆಳಗೆ ಬರಲಿಲ್ಲ. ಏನು ಹೇಳಿದಳೋ ಇಬ್ಬರೂ ಬಾಯಿ ಬಿಟ್ಟಿಲ್ಲ. ರಾತ್ರಿ ಮಗ ಎಳ್ಳುಂಡಿ ಪುಡಿ ಮಾಡಿ, ತುಪ್ಪ ಹಾಕಿ, ವಾಟಗದಲ್ಲಿ ತನ್ನ ತಂಗಿಯ ಮುಂದೆ ಇಟ್ಟ. ಹೆಸರು ಹಿಡಿದು ಕರೆದ. ಬುಧವಾರ ಮತ್ತೆ "ಬೊಚ್ಚಿ" ಅಂದಿದ್ದಾನೆ, ಅದೂ ಹೇಳಬೇಕು. ಅಂದವನೇ ನಾಲಿಗೆ ಕಚ್ಚಿಕೊಂಡ, ನಾನು ನೋಡಿದೆ.

ಇದನ್ನ ಬರೆಯಲೇನು ಅಂತ ತಂಗಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಬರಿ, ಆ ಹೆಸರೊಂದು ಬರೀಬ್ಯಾಡ" ಅಂದಳು. ಬರೆದಿಲ್ಲ. ನಮ್ಮೂರಿನ ಗೆಳೆಯರು ನೀವು ಇದನ್ನ ಓದ್ತೀರಿ, ನಿಮಗೆಲ್ಲ ಅದು ಗೊತ್ತು. ಚ್ಯಾಷ್ಟಿಗೂ ಕೆಳಗೆ ಬರೀಬ್ಯಾಡ್ರಿ. ಆಕಿ ಓದ್ಲಕತ್ತಾಳ.