ಗೋ ಕಡೆ ಮಾತ್ರ ನೋಡಿದರೆ ಸಾಕೇ?

ಲೆಕ್ಕ ಸರಿ ಇದೆ, ಆದರೆ ಉತ್ತರ ಕೆಲಸಕ್ಕೆ ಬರಲ್ಲ. ಇಂಥದ್ದು ನೋಡಬೇಕು ಅಂದರೆ ಸಿಮ್‌ಪೈ ತೆರೆಯಿರಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಿಮ್‌ಪೈ ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬೀಜಗಣಿತದ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಕಟ್ಟು. ಪುಕ್ಕಟೆ, ಓಪನ್ ಸೋರ್ಸ್. ಸಂಖ್ಯೆ ಹಾಕದೆ ಅಕ್ಷರಗಳಲ್ಲೇ ಲೆಕ್ಕ ಬಿಡಿಸುತ್ತದೆ. ಅದರಲ್ಲಿ ‘ಮ್ಯಾಚ್’ ಅಂತ ಒಂದು ಸೌಲಭ್ಯ ಇದೆ. ಒಂದು ಮಾದರಿ ಕೊಟ್ಟು, ಈ ಬೀಜೋಕ್ತಿ ಈ ರೂಪದಲ್ಲಿದೆಯಾ ಅಂತ ಕೇಳಬಹುದು. ಮಾದರಿಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ‘ವೈಲ್ಡ್’ ಅನ್ನುತ್ತಾರೆ. ಅಲ್ಲಿ ಏನು ಕೂರುತ್ತದೆ ಅಂತ ಅದೇ ಹುಡುಕಿ ಕೊಡುತ್ತದೆ.

ಎ ಮತ್ತು ಬಿ ಎರಡನ್ನೂ ವೈಲ್ಡ್ ಅಂತ ಇಟ್ಟುಕೊಳ್ಳಿ. ಮಾದರಿ: ಎ×ಎಕ್ಸ್ + ಬಿ×ವೈ. ಇದಕ್ಕೆ 2 + 3×ವೈ ಹೊಂದುತ್ತದಾ ಅಂತ ಕೇಳಿ. ಎಕ್ಸ್ ಎಲ್ಲೂ ಇಲ್ಲವಲ್ಲ, ಹೊಂದಲ್ಲ ಅನ್ನಬೇಕು ಅಂತ ನಮಗೆ ಅನಿಸುತ್ತದೆ. ಸಿಮ್‌ಪೈ ಮಾತ್ರ ಹೊಂದುತ್ತದೆ ಅನ್ನುತ್ತದೆ. ಬಿ ಅಂದರೆ 3, ಎ ಅಂದರೆ 2/ಎಕ್ಸ್! ತಿರುಗಿಸಿ ಹಾಕಿ ನೋಡಿ, ಎಕ್ಸ್ ಹೊಡೆದುಹೋಗಿ 2 + 3×ವೈ ಬಂದೇ ಬರುತ್ತದೆ. ಗಣಿತದ ಮೇಷ್ಟ್ರು ತಪ್ಪು ಹಾಕುವ ಹಾಗಿಲ್ಲ. ಇದು ಬಗ್ ಕೂಡ ಅಲ್ಲ, ಸಿಮ್‌ಪೈನವರೇ ತಮ್ಮ ಕೈಪಿಡಿಯಲ್ಲಿ ಇದೇ ಉದಾಹರಣೆ ಕೊಟ್ಟು ಎಚ್ಚರಿಸಿದ್ದಾರೆ. ಎ, ಬಿ ಒಳಗೆ ಎಕ್ಸ್, ವೈ ಬರಬಾರದು ಅಂತ ‘ಎಕ್ಸ್‌ಕ್ಲೂಡ್’ ಹಾಕಿದರೆ ಹೊಂದಲ್ಲ ಅನ್ನುವ ಉತ್ತರ ಸಿಗುತ್ತದೆ.

ನನ್ನ ತಕರಾರು ಇರುವುದು ಟೆಸ್ಟ್ ಬರೆಯುವವರ ಮೇಲೆ. ಟೆಸ್ಟ್ ಅಂದರೆ ಕೋಡ್ ಸರಿಯಾಗಿ ನಡೆಯುತ್ತಿದೆಯಾ ಅಂತ ಪರೀಕ್ಷಿಸಲು ಬರೆಯುವ ಸಣ್ಣ ಕೋಡ್. ಇಲ್ಲಿ ಬೆಳಗಾವಿಯಲ್ಲಿ ಪ್ರಾಜೆಕ್ಟ್ ತೋರಿಸಲು ಬರುವ ಹುಡುಗರು, ‘ಸರ್, ಎಲ್ಲಾ ಟೆಸ್ಟ್ ಪಾಸ್ ಆಗ್ಯಾವ್ರಿ’ ಅನ್ನುತ್ತಾರೆ. ತೆರೆದು ನೋಡಿದರೆ ಎಲ್ಲವೂ ಹೊಂದಬೇಕಾದ ಉದಾಹರಣೆಗಳೇ. ಹೊಂದಬಾರದ್ದು ಹೊಂದದೇ ಉಳಿಯಿತಾ ಅಂತ ಒಂದು ಸಾಲೂ ಇರುವುದಿಲ್ಲ.

ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂತು ಕೊರೆದ ಮೇಲೆ ಪ್ಲಗ್ ಗೇಜ್ ಹಾಕಿ ನೋಡುತ್ತಾರೆ. ಅದಕ್ಕೆ ಎರಡು ತುದಿ. ಗೋ ತುದಿ ಒಳಗೆ ಹೋಗಬೇಕು, ನೋ-ಗೋ ತುದಿ ಹೋಗಬಾರದು. ಗೋ ತುದಿ ಮಾತ್ರ ಹಾಕಿದರೆ ತೂತು ಎಷ್ಟು ದೊಡ್ಡದಾದರೂ ಪಾಸೇ. ಅಲ್ಲಿ ಕೆಲಸ ಮಾಡುವ ನಮ್ಮ ಕಾಕಾ ನನ್ನ ಟೆಸ್ಟ್ ಪುರಾಣ ಎಲ್ಲ ಕೇಳಿ, ‘ಅಂದ್ರ ನೀವು ಬರೇ ಗೋ ಕಡೆ ಹಾಕಿ ಪೀಸ್ ಕಳಸ್ತೀರೇನೋ?’ ಅಂದಿದ್ದರು. ಹೌದು ಕಾಕಾ, ಬಹಳ ಜನ ಹಾಗೇ ಕಳಿಸುತ್ತಾರೆ.

ಇನ್ನೊಂದು ಕಡೆ ಅತಿ ಬಿಗಿ ಮಾಡುವವರೂ ಇದ್ದಾರೆ. (2×ಎಕ್ಸ್) ಇಡಿಯದರ ವರ್ಗವನ್ನು ‘ಪಿ × ಕ್ಯೂ ಘಾತ ಆರ್’ ಅನ್ನುವ ಮಾದರಿಗೆ ಕೊಟ್ಟರೆ ಸಿಮ್‌ಪೈ ಪಿ 4, ಕ್ಯೂ ಎಕ್ಸ್, ಆರ್ 2 ಅನ್ನುತ್ತದೆ. ಪಿ 1, ಕ್ಯೂ 2×ಎಕ್ಸ್, ಆರ್ 2 ಅಂದರೂ ಗಣಿತಕ್ಕೆ ಅಡ್ಡಿಯಿಲ್ಲ. ಇಂಥ ಕಡೆ ಮೊದಲ ಉತ್ತರವೇ ಬರಬೇಕು ಅಂತ ಹಟ ಹಿಡಿದು ಟೆಸ್ಟ್ ಬರೆದರೆ, ನಾಳೆ ಯಾರೋ ಒಳಗೆ ಸಣ್ಣ ಬದಲಾವಣೆ ಮಾಡಿದ ಕೂಡಲೇ ಸುಮ್ನೆ ಕೆಂಪು ದೀಪ. ಆಗ ಏನು ಮಾಡುತ್ತಾರೆ ಗೊತ್ತಾ? ಹೊಸ ಉತ್ತರವನ್ನು ಕಾಪಿ ಮಾಡಿ ಟೆಸ್ಟ್‌ಗೆ ಅಂಟಿಸುತ್ತಾರೆ. ಇದು ಒಮ್ಮೆ ಚಾಳಿಯಾದರೆ ನಿಜವಾದ ತಪ್ಪು ಬಂದ ದಿನವೂ ಅದನ್ನೇ ಮಾಡುತ್ತಾರೆ.

ಹಾಗಾದರೆ ಏನು ಬರೆಯಬೇಕು? ಉತ್ತರವನ್ನು ಮಾದರಿಗೆ ತಿರುಗಿಸಿ ಹಾಕಿ, ಮೊದಲಿನದೇ ಬಂತಾ ನೋಡಬೇಕು. ಅಷ್ಟಕ್ಕೇ ನಿಂತರೆ ನಮ್ಮ 2/ಎಕ್ಸ್ ಮಹಾಶಯ ಆರಾಮಾಗಿ ಪಾಸ್ ಆಗುತ್ತಾನೆ. ಹಾಗಾಗಿ ಹಾಕಿದ ಷರತ್ತನ್ನು ವೈಲ್ಡ್ ಮೀರಿಲ್ಲವೇ ಅಂತಲೂ ನೋಡಬೇಕು. ಜೊತೆಗೆ ಹೊಂದಬಾರದ ಉದಾಹರಣೆಗಳು ಬೇಕೇ ಬೇಕು. ಒಂದು ಟೆಸ್ಟ್ ಕೂಡ ಕೆಡದೆ ಷರತ್ತು ಕಳಚಿಬಿದ್ದರೆ ಅದರ ಪೆಟ್ಟು ಬೀಳುವುದು ಇನ್ನೆಲ್ಲೋ. ಅವಕಲ ಸಮೀಕರಣ (ಡಿಫರೆನ್ಷಿಯಲ್ ಈಕ್ವೇಶನ್) ಯಾವ ಜಾತಿಯದು ಅಂತ ಗುರುತಿಸುವ ಕೋಡ್ ಇದೇ ಮ್ಯಾಚ್ ಮೇಲೆ ನಿಂತಿದೆ. ಅಲ್ಲಿ ಜಾತಿ ತಪ್ಪಿದರೆ ಮೂಲ ಹುಡುಕಿ ಹುಡುಕಿ ಸಾಕುಬೇಕಾಗುತ್ತದೆ.

ಈ ಕೆಲಸ ಯಾಕಿಷ್ಟು ನಾಜೂಕು ಅಂದರೆ, ಕೂಡುವಾಗ ಗುಣಿಸುವಾಗ ಕ್ರಮಕ್ಕೆ ಬೆಲೆ ಇಲ್ಲ. ಹತ್ತು ಪದಗಳನ್ನು ಹತ್ತು ಖಾಲಿ ಜಾಗದಲ್ಲಿ ಕೂರಿಸಲು 36,28,800 ದಾರಿಗಳಿವೆ. ಇಂಥ ಹೊಂದಾಣಿಕೆ ಎನ್‌ಪಿ-ಕಂಪ್ಲೀಟ್ (ಎಲ್ಲ ಸಂದರ್ಭಕ್ಕೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಜಾತಿಯ ಲೆಕ್ಕ) ಅಂತ 1985ರಲ್ಲೇ ಬೆನಾನವ್, ಕಪೂರ್, ನರೇಂದ್ರನ್ ಅನ್ನುವ ಸಂಶೋಧಕರು ತೋರಿಸಿದ್ದರು. ಎಲ್ಲ ದಾರಿ ನೋಡುತ್ತಾ ಕೂರಲು ಆಗಲ್ಲ. ಲೈಬ್ರರಿಗಳು ಅಡ್ಡದಾರಿ ಹಿಡಿಯುತ್ತವೆ, ಹೊಂದುವುದನ್ನೂ ಕೆಲವೊಮ್ಮೆ ಹೊಂದಲ್ಲ ಅಂದುಬಿಡುತ್ತವೆ.

ಮೇಲಾಗಿ ಪೈಥಾನ್‌ನದೇ ಒಂದು ಆಟ. 2012ರ 3.3 ಆವೃತ್ತಿಯಿಂದ ಸ್ಟ್ರಿಂಗ್‌ಗಳ (ಅಕ್ಷರಗಳ ಸಾಲುಗಳ) ಹ್ಯಾಶ್, ಅಂದರೆ ಅವಕ್ಕೆ ಪೈಥಾನ್ ಒಳಗೊಳಗೇ ಕೊಡುವ ಸಂಖ್ಯೆ, ಪ್ರೋಗ್ರಾಂ ಓಡಿಸಿದ ಪ್ರತಿ ಸಲ ಬದಲಾಗುತ್ತದೆ. ಹಾಗಾಗಿ ಸೆಟ್ (ಕ್ರಮ ಗೊತ್ತುಮಾಡದ ಗುಂಪು) ಒಳಗೆ ಹಾಕಿದ ಚಿಹ್ನೆಗಳ ಕ್ರಮವೂ ಬದಲಾಗಬಹುದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್, ನಿಮ್ಮದರಲ್ಲಿ ಫೇಲ್. ‘ಇನ್ನೊಮ್ಮೆ ಓಡಿಸು, ಸರಿಹೋಗುತ್ತೆ’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಮ್‌ಪೈನ ಟೆಸ್ಟ್ ಓಡಿಸಿದರೆ ಮೊದಲಿಗೇ ಹ್ಯಾಶ್ ಸೀಡ್, ಅಂದರೆ ಆ ಸಲದ ಹ್ಯಾಶ್‌ಗಳನ್ನು ಗೊತ್ತುಮಾಡಿದ ಸಂಖ್ಯೆ, ತೋರಿಸುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಅದೇ ತಪ್ಪನ್ನು ಮತ್ತೆ ಕರೆತರಬಹುದು. ಬಗ್ ವರದಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ತಿದ್ದುವವನು ಏನು ಮಾಡಬೇಕು, ಹೇಳಿ?

ಸಿಮ್‌ಪೈನಲ್ಲಿ ನನಗೆ ತುಂಬಾ ಇಷ್ಟವಾದ ಪದ್ಧತಿ ಅಂದರೆ ‘ಎಕ್ಸ್‌ಫೇಲ್’. ಇದು ಈಗ ಕೆಲಸ ಮಾಡಲ್ಲ, ನಮಗೂ ಗೊತ್ತು ಅಂತ ಗುರುತು ಹಾಕಿ ಟೆಸ್ಟ್ ಇಟ್ಟುಬಿಡುವುದು. ಮುಂದೆಂದೋ ಯಾರೋ ಬೇರೇನೋ ತಿದ್ದುವಾಗ ಅದು ಪಾಸ್ ಆದರೆ, ತಾನಾಗಿ ಸುದ್ದಿ ಬರುತ್ತದೆ. ನಮ್ಮ ಆಫೀಸುಗಳ ಕಡತಗಳಲ್ಲೂ ಇಂಥ ಗುರುತು ಇದ್ದಿದ್ದರೆ! ಇರಲಿ, ಅದು ಬೇರೆ ಮಾತು.

ಓಪನ್ ಸೋರ್ಸ್‌ಗೆ ಏನಾದರೂ ಮಾಡಬೇಕು, ಆದರೆ ಇಂಗ್ಲಿಷ್ ಬರಲ್ಲ ಸರ್ ಅನ್ನುವ ಹುಡುಗ-ಹುಡುಗಿಯರಿಗೆ ಇದು ಒಳ್ಳೆ ಜಾಗ. ಟೆಸ್ಟ್‌ನಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುವುದಿರಲ್ಲ. ‘ಕೋರ್’ ಫೋಲ್ಡರ್‌ನ ಟೆಸ್ಟ್‌ಗಳಲ್ಲಿ ‘ಟೆಸ್ಟ್ ಮ್ಯಾಚ್’ ಅನ್ನುವ ಫೈಲ್ ಇದೆ. ಹಳೆಯ ಬಗ್‌ಗಳು ಎಷ್ಟೋ ಕಡೆ ತಮ್ಮ ಇಶ್ಯೂ (ಬಗ್ ವರದಿ) ಸಂಖ್ಯೆಯನ್ನೇ ಹೆಸರಾಗಿ ಇಟ್ಟುಕೊಂಡು ಅಲ್ಲಿ ಕೂತಿವೆ. ಒಂದೊಂದನ್ನೇ ಓದಿ, ಎಕ್ಸ್‌ಕ್ಲೂಡ್ ತೆಗೆದು ಓಡಿಸಿ, ಏನು ಕೆಡುತ್ತದೆ ನೋಡಿ. ಏನೂ ಕೆಡದಿದ್ದರೆ ಅಲ್ಲೊಂದು ನೋ-ಗೋ ಟೆಸ್ಟ್ ಬಾಕಿ ಇದೆ ಅಂತ. ಅದನ್ನು ನೀವೇ ಬರೆದು ಕಳಿಸಿ.