ಅದು ಸಮುದ್ರದ ನೀರಲ್ಲ, ನಮ್ಮ ಹೊಳೆ

ನಿನ್ನೆ ಸಂಜೆ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿ ಬೀಚಿಗೆ ದೋಣಿ ಹತ್ತಿದ್ದೆ. ಪಕ್ಕದಲ್ಲಿ ಆರೇಳು ವರ್ಷದ ಹುಡುಗ. "ಪಪ್ಪಾ, ಇದು ಯಾವ ನದಿ?" ಅಂತ ಕೇಳಿದ. ಅಪ್ಪ ಮೊಬೈಲಿನಿಂದ ತಲೆ ಎತ್ತದೆ, "ನದಿ ಅಲ್ಲ ಮಗಾ, ಸಮುದ್ರದ ನೀರು" ಅಂದರು. ಆಮೇಲೆ ಚರುಮುರಿಯ ಕಾಗದ, ಪ್ಲಾಸ್ಟಿಕ್ ಚಮಚ ಎರಡನ್ನೂ ನೀರಿಗೆ ಎಸೆದರು. ಚಮಚ ದೋಣಿಯ ಪಕ್ಕದಲ್ಲೇ ಸ್ವಲ್ಪ ಹೊತ್ತು ತೇಲಿತು.

ಎಸೆದದ್ದಕ್ಕಿಂತ ಆ ಮಾತೇ ನನಗೆ ಜಾಸ್ತಿ ನೋವು ಕೊಟ್ಟಿತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೂ ಹೊಳೆಯ ಹೆಸರು ಗೊತ್ತಿಲ್ಲ. ಉತ್ತರದಿಂದ ಗುರುಪುರ ಹೊಳೆ, ಅಂದ್ರೆ ಫಲ್ಗುಣಿ. ದಕ್ಷಿಣದಿಂದ ನೇತ್ರಾವತಿ. ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಊರು ಬೆಳೆದದ್ದೇ ಈ ಎರಡರ ನಡುವೆ.

ನಾವು ದೋಣಿ ಹತ್ತಿದ ಜಾಗವನ್ನೇ ನೋಡಿ. 1784ರಲ್ಲಿ ಟಿಪ್ಪು ಅಲ್ಲಿ ಕರಿಕಲ್ಲಿನ ಬತ್ತೇರಿ, ಅಂದ್ರೆ ಕಾವಲು ಗೋಪುರ, ಕಟ್ಟಿಸಿದ್ದು ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗಬಾರದು ಅಂತ. ಹೊಳೆ ಕೈತಪ್ಪಿದರೆ ಊರೇ ಹೋದಂತೆ ಅಂತ ಆಗಲೇ ಗೊತ್ತಿತ್ತು. ಈಗ ಅದರ ಮೇಲೆ ನಿಂತು ಸೆಲ್ಫಿ ತೆಗೆದು ಇಳಿಯುತ್ತೇವೆ.

ನಮ್ಮಜ್ಜ ಜೆಪ್ಪು ಕಡೆ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು ಅಂತ ನನ್ನ ಹಳೆಯ ಗೆಳೆಯರಿಗೆಲ್ಲ ಗೊತ್ತು. ಮನೆ ಕೆಡವಿದಾಗ ಒಂದೇ ಒಂದು ಹೆಂಚು ಉಳಿಸಿಕೊಂಡೆ. ಹಿಂಬದಿಯಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಹೆಸರು, 1865 ಅಂತ ಉಬ್ಬಿದ ಅಂಕಿ. ಬೆರಳು ಆಡಿಸಿದರೆ ಈಗಲೂ ತಿಳಿಯುತ್ತದೆ. ಮಿಷನ್ನಿನವರು ಆ ವರ್ಷ ಜೆಪ್ಪುವಿನಲ್ಲಿ ನೇತ್ರಾವತಿ ದಡದ ಹತ್ತಿರ ಕಾರ್ಖಾನೆ ಹಾಕಿದ್ದು ಸುಮ್ನೆ ಅಲ್ಲ. ಹೊಳೆಬದಿಯ ಜೇಡಿಮಣ್ಣು ಬೇಕಿತ್ತು. ಮಣ್ಣು, ಸೌದೆ ತರಲು ದೋಣಿ ಓಡುವ ನೀರು ಬೇಕಿತ್ತು. ಸುಟ್ಟ ಹೆಂಚು ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. "ಅರ್ಧ ಮೈ ಹೊಳೆಯಲ್ಲಿ, ಅರ್ಧ ಮೈ ಮಣ್ಣಲ್ಲಿ" ಅಂತ ಅಜ್ಜ ಹೇಳುತ್ತಿದ್ದರು. ಬೇಸಿಗೆಯಲ್ಲಿ ಅವರ ಹಿಮ್ಮಡಿಯ ಬಿರುಕಿನಿಂದ ಅಜ್ಜಿ ಮಣ್ಣು ಕೆರೆದು ತೆಗೆಯುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

"ನಮಗೆ ಬೀಚ್ ಇದೆಯಲ್ಲ, ಹೊಳೆ ಯಾಕೆ?" ಅಂತ ಒಬ್ಬ ಗೆಳೆಯ ಕೇಳಿದ. ತಣ್ಣೀರುಬಾವಿ ಇರುವುದೇ ಹೊಳೆ ಮತ್ತು ಕಡಲಿನ ನಡುವಿನ ಮರಳಿನ ಪಟ್ಟಿಯ ಮೇಲೆ. ಘಟ್ಟದಿಂದ ಮರಳು ಇಳಿಸಿ ತರುವುದು ಇವೇ ಹೊಳೆಗಳು. ಬೀಚಿಗೆ ಹೋಗಲಿಕ್ಕೂ ಹೊಳೆಯನ್ನೇ ದಾಟಬೇಕು! ದೊಡ್ಡ ಹಡಗು 1974ರಿಂದ ಪಣಂಬೂರಿನ ಬಂದರಿಗೆ ಹೋದವು, ನಿಜ. ಆದರೆ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು, ಅಂದ್ರೆ ಮರದ ಸರಕು ಹಡಗುಗಳು, ಹಳೆ ಬಂದರಿನಿಂದಲೇ ಹೊರಡುತ್ತವೆ. ಮೀನುಗಾರಿಕೆಗೆ ರಜೆ ಇರುವ ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳು ಮೀನಿನ ದಕ್ಕೆಯ ಬಳಿ ಇದೇ ಹೊಳೆಯಲ್ಲಿ ಸಾಲಾಗಿ ಲಂಗರು ಹಾಕುತ್ತವೆ. ನಮ್ಮ ನಳ್ಳಿ ನೀರೂ ತುಂಬೆಯ ಅಣೆಕಟ್ಟಿನಿಂದ, ನೇತ್ರಾವತಿಯಿಂದ. 2019ರ ಬೇಸಿಗೆಯಲ್ಲಿ ತುಂಬೆ ಬತ್ತಿ ಪಾಳಿಯ ಮೇಲೆ ನೀರು ಬಿಟ್ಟಾಗ ಎಲ್ಲರ ಬಾಯಲ್ಲೂ ಹೊಳೆಯದೇ ಮಾತು. ಮಳೆ ಬಂತು, ಮರೆತೆವು. ನಾನೂ ಮರೆತೆ, ಸುಳ್ಳು ಯಾಕೆ ಹೇಳಲಿ?

ಆ ಅಪ್ಪನ ಹತ್ತಿರ ಜಗಳ ಮಾಡಲು ಮನಸ್ಸು ಬರಲಿಲ್ಲ. ಇಳಿಯುವಾಗ ಹುಡುಗನಿಗೆ ಮಾತ್ರ ಹೇಳಿದೆ: "ಇದು ಗುರುಪುರ ಹೊಳೆ ಮಗಾ. ವೇಣೂರು, ಪೊಳಲಿ ಎಲ್ಲ ದಾಟಿ ಇಲ್ಲಿಗೆ ಬರ್ತದೆ."

ಅವನು ಕಣ್ಣರಳಿಸಿ ಅಪ್ಪನ ಅಂಗಿ ಎಳೆದ. "ಪಪ್ಪಾ, ಪೊಳಲಿ ದೇವಸ್ಥಾನಕ್ಕೆ ಹೋದಾಗ ನಾವು ಕಾಲು ತೊಳೆದದ್ದು ಇದರಲ್ಲೇನಾ?"

ಅಪ್ಪ ಮೊಬೈಲು ಜೇಬಿಗೆ ಹಾಕಿ, ತಿರುಗಿ ನೀರು ನೋಡಿದರು.